ಅಕ್ಕನನ್ನು ಐದು ಸಲ ಕೊಂದವನು

ಶ್ವೇ ಮಾನ್‌ಚಾಂಗ್ ತನ್ನ ಅಕ್ಕನನ್ನು ಮೊದಲ ಸಲ ಕೊಂದದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಮುನ್ನೂರ ನಲವತ್ತು ಪುಟದ ಒಂದು ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ. ಆ ಹೊತ್ತಿಗೆ ಅಕ್ಕ ಗಾಯ್‌ಮೇ ಊರಿನಲ್ಲೇ, ಮನೆಯ ಬಾವಿಯ ಪಕ್ಕದಲ್ಲಿ, ಅಂಗಿಯ ತೋಳು ಮಡಚಿಕೊಂಡು ಸೋಯಾಕಾಳು ಬೀಸುತ್ತಿದ್ದಳು. ತಾನು ಸತ್ತ ಸುದ್ದಿ ಅವಳಿಗೆ ಮುಟ್ಟಿದ್ದು ಮೂರು ತಿಂಗಳ ಮೇಲೆ, ತೋಫು ಕೊಳ್ಳಲು ಬಂದ ಶಾಲೆಯ ಮೇಷ್ಟ್ರ ಬಾಯಿಂದ.

“ಗಾಯ್‌ಮೇ, ನಿನ್ ತಮ್ಮ ನಿನ್ನ ಬಾವಿಗೆ ತಳ್ಳಿಬಿಟ್ಟಿದ್ದಾನಲ್ಲೇ!” ಎಂದರು ಮೇಷ್ಟ್ರು ನಗುತ್ತಾ.

“ಯಾವ ಬಾವಿಗೆ?”

“ಇದಕ್ಕೇ. ಹೇಸರಗತ್ತೆ ಹೊಡೆಯೋನನ್ನ ಇಷ್ಟಪಟ್ಟು, ಅಪ್ಪ ಒಪ್ಪಲಿಲ್ಲ ಅಂತ ಹಾರಿಕೊಂಡ್ಯಂತೆ. ಹದಿನೆಂಟನೇ ವಯಸ್ಸಿಗೆ.”

“ಹದಿನೆಂಟಕ್ಕೆ ಸಾಯಕ್ಕೆ ನಂಗೆಲ್ಲಿತ್ತು ಪುರುಸೊತ್ತು? ಅವನ ಚಡ್ಡಿ ಒಗೀತಿದ್ದೆ. ಎಷ್ಟು ಬೇಕು ಹೇಳಿ, ಕೈ ತಣ್ಣಗಾಗ್ತಿದೆ.”

ಮೇಷ್ಟ್ರು ನಕ್ಕರು, ಅವಳೂ ನಕ್ಕಳು. ಊರೆಲ್ಲ ಒಂದು ತಿಂಗಳು ನಕ್ಕಿತು. ನಗಬಾರದಿತ್ತು. ಆದರೆ ಶ್ವೇ ಮಾನ್‌ಚಾಂಗ್ ಎಂಬ ಮನುಷ್ಯ ಎಲ್ಲಿಯ ತನಕ ಹೋಗಬಲ್ಲ ಎಂಬುದು ಆಗ ಅವನಿಗೇ ಗೊತ್ತಿರಲಿಲ್ಲ.

ಅವನ ಬದುಕನ್ನು ಮೊದಲಿನಿಂದಲೇ ಹೇಳುವುದು ಒಳ್ಳೆಯದು. ಇಲ್ಲದಿದ್ದರೆ ಅವನ ಪುಸ್ತಕಗಳ ಹಿಂಬದಿ ಓದಿ ಮೋಸ ಹೋಗುತ್ತೀರಿ. ‘ಹಳದಿ ಮಣ್ಣಿನ ಮಗ, ಬೆವರಿನಲ್ಲಿ ಅದ್ದಿ ಬರೆದವನು’ ಎಂದು ಅಲ್ಲಿ ಅಚ್ಚಾಗಿದೆ. ಬೆವರುತ್ತಿದ್ದದ್ದು ನಿಜ. ಸಭೆಗಳಲ್ಲಿ ದೊಡ್ಡ ಸಾಹೇಬರ ಪಕ್ಕ ಕುರ್ಚಿ ಸಿಗುತ್ತದೋ ಇಲ್ಲವೋ ಎಂದು ಕಾಯುವಾಗ ಅವನ ಕತ್ತುಪಟ್ಟಿ ಒದ್ದೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ.

ಮುಂದಿನದಾದರೂ ಗಂಡಾಗಲಿ, ಸರದಿ ಬದಲಾಗಲಿ ಎಂದು ಹುಟ್ಟಿದ ಹೆಣ್ಣಿಗೆ ನಮ್ಮ ಕಡೆ ಇಡುವ ಹೆಸರು ಗಾಯ್‌ಮೇ. ಸರದಿ ಬದಲಾಯಿತು. ಐದು ವರ್ಷದ ಮೇಲೆ ಗಂಡು ಹುಟ್ಟಿತು. ಅಪ್ಪ ಅದಕ್ಕೆ ಮಾನ್‌ಚಾಂಗ್, ತುಂಬಿದ ಕಣಜ, ಎಂದು ಹೆಸರಿಟ್ಟ. ಕಣಜ ತುಂಬುವ ಕೆಲಸಕ್ಕೆ ಆ ಮಗ ಜನ್ಮದಲ್ಲಿ ಕೈ ಹಾಕಲಿಲ್ಲ. ಅವನಿಗೆ ಆರು ತುಂಬುವಷ್ಟರಲ್ಲಿ ತಾಯಿ ಕೆಮ್ಮಿ ಕೆಮ್ಮಿ ತೀರಿಹೋದಳು. ಹನ್ನೊಂದರ ಗಾಯ್‌ಮೇ ಶಾಲೆಯ ಚೀಲವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಬೀಸುವ ಕಲ್ಲು ಸುತ್ತತೊಡಗಿದಳು. ಸುತ್ತುತ್ತಾ ಅವನಿಗೆ ಕತೆ ಹೇಳುತ್ತಿದ್ದಳು. ಅಜ್ಜಿ ಹೇಳಿದ್ದ ಕತೆ, ಪಕ್ಕದೂರಿನ ಕತೆ, ಯಾವಾಗಲೋ ಯಾವುದೋ ಹುಡುಗಿ ಎಲ್ಲೋ ಬಾವಿಗೆ ಹಾರಿದ ಕತೆ. ಕತೆ ನಿಂತರೆ ಅವನು ಅಳುತ್ತಿದ್ದ, ಅದಕ್ಕೇ ಅವಳು ನಿಲ್ಲಿಸುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಅವನಿಗೆ ಮೊದಲ ಬರವಣಿಗೆ ಸಿಕ್ಕಿತು. ಕಮ್ಯೂನಿನ ಧ್ವನಿವರ್ಧಕಕ್ಕೆ ದಿನಾ ಸುದ್ದಿ ಬರೆದುಕೊಡುವುದು. ಸಲಿಕೆ ಹಿಡಿಯುವ ಕಷ್ಟ ತಪ್ಪಿತು. ನಮ್ಮೂರ ಹಂದಿಯೊಂದು ಒಂಬತ್ತು ಮರಿ ಹಾಕಿದ ದಿನ ಇವನು ಹತ್ತೊಂಬತ್ತು ಎಂದು ಬರೆದ. ಒಂಬತ್ತು ಎಂದರೆ ಓದಲು ಚಪ್ಪೆ ಎನಿಸಿತಂತೆ. ಮೂರು ಬೇರೆ ಕಮ್ಯೂನಿನವರು ಆ ಮಹಾತಾಯಿಯನ್ನು ನೋಡಲು ಹೊರಟು ಬಂದರು. ಇವನು ಅಕ್ಕನ ಅಂಗಿಯ ಚುಂಗು ಹಿಡಿದು ಅತ್ತ. ಗಾಯ್‌ಮೇ ಮನೆಮನೆ ಸುತ್ತಿ ಹತ್ತು ಮರಿ ಎರವಲು ತಂದು ಹಂದಿಯ ಮಗ್ಗುಲಿಗೆ ಬಿಟ್ಟಳು. ಬಂದವರು ಎಣಿಸಿ, ತಲೆದೂಗಿ ಹೋದರು. ಹಂದಿ ಸಿಟ್ಟಿಗೆದ್ದು ಎರವಲು ಮರಿಗಳಲ್ಲಿ ಎರಡನ್ನು ಕಚ್ಚಿ ಕೊಂದುಹಾಕಿತು. ಮರಿ ಕೊಟ್ಟವರ ಮನೆ ಬಾಗಿಲಲ್ಲಿ ನಿಂತು ಬೈಸಿಕೊಂಡವಳು ಗಾಯ್‌ಮೇ. ಮಾನ್‌ಚಾಂಗನಿಗೆ ಕಮ್ಯೂನಿನಿಂದ ಒಂದು ಹೊಸ ಪೆನ್ನು ಬಹುಮಾನ ಬಂತು.

ಆ ಪೆನ್ನು ಅವನನ್ನು ಯುನ್‌ಪಿಂಗ್ ಪೇಟೆಯ ಸಂಸ್ಕೃತಿ ಭವನಕ್ಕೆ, ಅಲ್ಲಿಂದ ನಗರದ ಲೇಖಕರ ಸಂಘಕ್ಕೆ ಎಳೆದುಕೊಂಡು ಹೋಯಿತು. ಅಲ್ಲಿ ಅವನು ತುಗೆನ್ ಎಂದು ಹೊಸ ಹೆಸರು ಇಟ್ಟುಕೊಂಡ. ಮಣ್ಣಿನ ಬೇರು ಎಂದರ್ಥ. ಮಣ್ಣು ಬಿಟ್ಟು ಮೇಲೆದ್ದ ಮೇಲೆಯೇ ಬೇರಿನ ನೆನಪಾದದ್ದು ನೋಡಿ. ನವಣೆಯ ಸಸಿಗೂ ಬರಗಿನ ಸಸಿಗೂ ವ್ಯತ್ಯಾಸ ತಿಳಿಯದವನು, ಕತೆಯೊಳಗೆ ಸೋಯಾಕಾಳನ್ನು ಹಿಮ ಬೀಳುವ ತಿಂಗಳಲ್ಲಿ ಬಿತ್ತಿಸಿದವನು, ಭಾಷಣಕ್ಕೆ ಹೋಗುವಾಗ ಮಾತ್ರ ಹಳ್ಳಿಯ ಮುದುಕರ ಹಾಗೆ ತಲೆಗೆ ಬಿಳಿ ಟವೆಲು ಕಟ್ಟಿಕೊಳ್ಳುತ್ತಿದ್ದ. ಕಟ್ಟಲು ಬರುತ್ತಿರಲಿಲ್ಲ. ಅವನ ಹೆಂಡತಿ ಹಿಂದಿನಿಂದ ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದಳು.

ಅಪ್ಪನಿಗೆ ಲಕ್ವ ಹೊಡೆದಾಗ ಗಾಯ್‌ಮೇ ಗಂಡ ಗುವೊ ಬಿಂಗ್‌ವಾಂಗನನ್ನು ಕರೆದುಕೊಂಡು ತೌರಿಗೇ ಬಂದು ನಿಂತಳು. ಗುವೊ ಹೊಳೆಯಾಚೆಯವನು, ಸುಣ್ಣದ ಗೂಡಿನಲ್ಲಿ ದುಡಿದು ಕಿವಿ ಮಂದವಾದವನು, ಮಾತು ಕಡಿಮೆ. ನಾಲ್ಕು ವರ್ಷ ಇಬ್ಬರೂ ಮುದುಕನ ಮೈ ಒರೆಸಿದರು. ಮಾನ್‌ಚಾಂಗ್ ಎರಡು ಸಲ ಬಂದ. ಎರಡನೆಯ ಸಲ ಬಂದವನು ಅಕ್ಕ ಅಪ್ಪನ ಪಾದ ತೊಳೆಯುವುದನ್ನು ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ನೋಡಿದ. ಮಾರನೆಯ ತಿಂಗಳು ‘ತಂದೆಯ ಪಾದ ತೊಳೆದೆ’ ಎಂಬ ಪ್ರಬಂಧ ಪ್ರಾಂತದ ಪತ್ರಿಕೆಯಲ್ಲಿ ಬಂತು. ಪಠ್ಯಪುಸ್ತಕಕ್ಕೂ ಸೇರಿತು. ಈಗಲೂ ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ‘ಲೇಖಕನ ಪಿತೃಭಕ್ತಿಯನ್ನು ವಿವರಿಸಿ’ ಎಂಬ ಪ್ರಶ್ನೆಗೆ ಉತ್ತರ ಬರೆಯುತ್ತಾರೆ.

ಅದಾದ ಮೇಲೆಯೇ ಅಕ್ಕನನ್ನು ಮೊದಲು ಕೊಂದ ಆ ಕಾದಂಬರಿ, ‘ಅಕ್ಕನ ಬಾವಿ’, ಬಂದದ್ದು. ಆ ವರ್ಷ ಹೊಸವರ್ಷದ ಹಬ್ಬಕ್ಕೆ ಮಾನ್‌ಚಾಂಗ್ ಊರಿಗೆ ಬಂದಾಗ ಗಾಯ್‌ಮೇ ಕೇಳಿದಳು.

“ಯಾಕೋ ಚಾಂಗ್‌ವಾ, ನನ್ನ ಸಾಯಿಸಿದ್ದು?”

“ಅಕ್ಕ, ನೀನು ಸಾಯದೆ ಇದ್ರೆ ಕೊನೇಲಿ ಯಾರೂ ಅಳ್ತಿರಲಿಲ್ಲ.”

“ಅಳಿಸ್ಲೇಬೇಕಾ?”

“ಮತ್ತೆ? ತೋಫು ಮಾರ್ಕೊಂಡು ಮುದುಕಿ ಆದ್ಲು ಅಂತ ಬರೆದ್ರೆ ಯಾರ್ ಓದ್ತಾರೆ?” ಎಂದು ಅವನು ಒಂದು ಉಣ್ಣೆಯ ಕುತ್ತಿಗೆಬಟ್ಟೆಯನ್ನು ಅವಳ ಹೆಗಲಿಗೆ ಹಾಕಿದ. “ತಗೋ, ನಿಂಗೇ ತಂದಿದ್ದು. ಪುಸ್ತಕದಲ್ಲಿ ನೀನೇ ಎಲ್ಲರಿಗಿಂತ ಒಳ್ಳೇಳು, ಗೊತ್ತಾ?”

ಒಳ್ಳೆಯವಳು ಎಂದ ಒಂದೇ ಮಾತಿಗೆ ಅವಳು ಕರಗಿದಳು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಯಾಕೆ. ಮುಂದಿನ ವರ್ಷ ರೇಡಿಯೋದಲ್ಲಿ ಆ ಕಾದಂಬರಿಯನ್ನು ದಿನಾ ಮಧ್ಯಾಹ್ನ ಅರ್ಧ ಗಂಟೆ ಓದಿದರು. ಗಾಯ್‌ಮೇ ಒಲೆಯ ಮುಂದೆ ಕೂತು, ಕುದಿಯುವ ಸೋಯಾಹಾಲು ಕಲಕುತ್ತಾ ಕೇಳಿದಳು. ಕೊನೆಯ ದಿನ ಆ ಹುಡುಗಿ ಬಾವಿಗೆ ಹಾರಿದಾಗ ಅವಳಿಗೂ ಅಳು ತಡೆಯಲಾಗಲಿಲ್ಲ, ಹಾಲು ಉಕ್ಕಿ ಒಲೆ ಆರಿತು. ತನಗಾಗಿ ಯಾರೂ ಯಾವತ್ತೂ ಅಷ್ಟು ಚೆನ್ನಾಗಿ ಅತ್ತಿರಲಿಲ್ಲ.

ಆಮೇಲೆ ಟಿವಿ ಧಾರಾವಾಹಿ ಬಂತು. ಆಮೇಲೆ ಮಾನ್‌ಚಾಂಗ್ ಇನ್ನೂ ನಾಲ್ಕು ಕಾದಂಬರಿ ಬರೆದ. ನಾಲ್ಕರಲ್ಲೂ ಒಬ್ಬ ಅಕ್ಕ, ನಾಲ್ಕರಲ್ಲೂ ಅವಳ ಸಾವು. ಒಂದರಲ್ಲಿ ಬೋರೆಮರಕ್ಕೆ ನೇಣು, ಒಂದರಲ್ಲಿ ಹಳದಿ ನದಿಯ ಪ್ರವಾಹ, ಒಂದರಲ್ಲಿ ಹೆರಿಗೆ. ಐದನೆಯದರಲ್ಲಿ ಅವಳು ಬರೀ ಜ್ವರ ಬಂದು ಸತ್ತಳು, ಅಷ್ಟು ಹೊತ್ತಿಗೆ ಲೇಖಕನಿಗೂ ಸುಸ್ತಾಗಿತ್ತು. ಸಂಘದ ಉಪಾಧ್ಯಕ್ಷನಾದ. ಹೊಟ್ಟೆ ಬಂತು. ಹೊಸಬರ ಪುಸ್ತಕಕ್ಕೆ ಮುನ್ನುಡಿ ಬರೆಯುವುದೇ ಕಸುಬಾಯಿತು, ‘ಈ ತರುಣನ ಬೇರು ಮಣ್ಣಿನಲ್ಲಿದೆ’ ಎಂಬ ಒಂದೇ ವಾಕ್ಯವನ್ನು ಮೂವತ್ತು ಜನಕ್ಕೆ ಹಂಚಿದ.

ನಿಜವಾದ ಕೇಡು ನಡೆದದ್ದು ಒಂದು ಟಿವಿ ಸಂದರ್ಶನದಲ್ಲಿ. ಕೇಳುತ್ತಿದ್ದ ಹುಡುಗಿ ಮುಂದಕ್ಕೆ ಬಾಗಿ, ‘ಗುರುಗಳೇ, ಆ ಅಕ್ಕ ನಿಮ್ಮ ಸ್ವಂತ ಅಕ್ಕನೇ?’ ಎಂದಳು. ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಕನ್ನಡಕ ತೆಗೆದ, ಕಣ್ಣು ಒರೆಸಿದ, ‘ಒಂದೊಂದು ಅಕ್ಷರವೂ ನಿಜ’ ಎಂದ. ಅದನ್ನು ನೋಡಿದವರಲ್ಲಿ ತಾಲ್ಲೂಕಿನ ಚರಿತ್ರೆ ಬರೆಯುವ ಸಮಿತಿಯವರೂ ಇದ್ದರು. ನಮ್ಮ ಕಡೆ ಪ್ರತಿ ತಾಲ್ಲೂಕಿಗೂ ಒಂದು ದಪ್ಪ ಚರಿತ್ರೆ ಪುಸ್ತಕ ಇರುತ್ತದೆ. ಅದರಲ್ಲಿ ಅಚ್ಚಾದದ್ದು ಆಗಿಹೋದದ್ದು, ಅಚ್ಚಾಗದ್ದು ಆಗಲೇ ಇಲ್ಲ. ಸಮಿತಿಯವರು ಹುಡುಗಿಯ ನಿಜ ಹೆಸರನ್ನು ಹಳೆಯ ದಾಖಲೆಯಿಂದ ಹುಡುಕಿ ತೆಗೆದರು. ‘ಸಾಹಿತಿ ತುಗೆನ್ ಅವರ ಅಕ್ಕ ಶ್ವೇ ಗಾಯ್‌ಮೇ, ಹದಿನೆಂಟರ ಪ್ರಾಯದಲ್ಲಿ ಮನೆಯ ಬಾವಿಗೆ ಹಾರಿ ತೀರಿಕೊಂಡಳು’ ಎಂದು ಬರೆದು, ಸರಿಯೇ ಎಂದು ಮಾನ್‌ಚಾಂಗನಿಗೆ ಕಳಿಸಿದರು. ಅವನು ಓದಿದ, ಅಲ್ಪವಿರಾಮ ಒಂದನ್ನು ತಿದ್ದಿದ, ಸಹಿ ಹಾಕಿದ.

ಇನ್ನು ಬಾವಿಯ ವಿಷಯ. ನಮ್ಮ ಊರಿನಲ್ಲಿ ಹನ್ನೊಂದು ಬಾವಿಗಳಿದ್ದವು, ಹತ್ತರ ನೀರು ಕಹಿ. ಶ್ವೇ ಮನೆಯದೊಂದೇ ಸಿಹಿ. ಕಹಿ ನೀರಿನಲ್ಲಿ ತೋಫು ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟಿದರೂ ಸುಣ್ಣದ ಉಂಡೆ. ಸಿಹಿನೀರಿನಲ್ಲಿ ನೆನೆದ ಕಾಳು, ಅದರ ಹಾಲಿಗೆ ಹಿಂದಿನ ದಿನದ ಹುಳಿನೀರು ಹನಿಹನಿಯಾಗಿ ಬಿಟ್ಟರೆ ಆಗುವ ತೋಫುವಿಗೆ ಪೇಟೆಯ ಹೋಟೆಲುಗಳು ಕಾಯುತ್ತಿದ್ದವು. ಗಾಯ್‌ಮೇಗೆ ಗೊತ್ತಿದ್ದ ವಿದ್ಯೆ ಅದೊಂದೇ, ಗಂಡನಿಗೂ ತನಗೂ ಅನ್ನ ಅದೊಂದೇ. ಆದರೆ ಹೆಣ ಬಿದ್ದ ಬಾವಿಯ ನೀರನ್ನು ನಮ್ಮವರು ಮುಟ್ಟುವುದಿಲ್ಲ. ಬೆಕ್ಕು ಬಿದ್ದರೂ ತಿಂಗಳುಗಟ್ಟಲೆ ಸೇದಿ ಚೆಲ್ಲುತ್ತಾರೆ. ಮನುಷ್ಯರು ಬಿದ್ದರೆ ಬಾವಿಯನ್ನೇ ಕಲ್ಲು ಹಾಕಿ ಮುಚ್ಚುತ್ತಾರೆ.

ಹಳಬರು ಇರುವಷ್ಟು ದಿನ ತೊಂದರೆ ಇರಲಿಲ್ಲ, ಯಾರು ಬದುಕಿದ್ದಾರೆ ಯಾರು ಸತ್ತಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಮೇಷ್ಟ್ರು ಹೋದರು. ಹಳೆಯ ಹೋಟೆಲಿನವರು ಹೋದರು. ಧಾರಾವಾಹಿ ನೋಡಿ ಬೆಳೆದವರು ಅಂಗಡಿ ಹಿಡಿದರು. ಒಂದು ದಿನ ಪೇಟೆಯ ಕುರಿಸೂಪಿನ ಅಂಗಡಿಯವಳು ತೋಫುವಿನ ಹಲಗೆಯನ್ನು ಮುಟ್ಟದೆ ಹಿಂದಕ್ಕೆ ನೂಕಿದಳು.

“ಬೇಡ ದೊಡ್ಡಮ್ಮ. ಗಿರಾಕಿಗಳು ಬಾಯಿಗೆ ಬಂದ ಹಾಗೆ ಮಾತಾಡ್ತಾರೆ.”

“ಏನಂತ?”

“ಇದು ಹೆಣದ ನೀರಿನ ತೋಫು ಅಂತ.”

“ಯಾರ ಹೆಣ? ಚರಿತ್ರೆ ಪುಸ್ತಕದಲ್ಲಿರೋ ಗಾಯ್‌ಮೇ ನಾನೇ ಕಣೇ, ನಿನ್ನ ಎದುರಿಗೇ ನಿಂತಿದ್ದೀನಲ್ಲ!”

“ನಿಂತಿದ್ದೀರ, ಇಲ್ಲ ಅಂದ್ನಾ? ನಂಗೆ ಗೊತ್ತು. ಗಿರಾಕಿಗೆ ಒಬ್ಬೊಬ್ಬರಿಗೂ ನಿಮ್ಮನ್ನ ಕರ್ಕೊಂಡು ಬಂದು ತೋರ್ಸಕ್ಕಾಗತ್ತಾ? ಪುಸ್ತಕದಲ್ಲಿ ಬರೆದಿದ್ದಾರೆ, ಟಿವೀಲಿ ಬಂದಿದೆ. ನಿಮ್ ತಮ್ಮನೇ ಹೇಳಿದ್ದಾರೆ.”

ಅಂಗಡಿಗಳು ಒಂದೊಂದಾಗಿ ಕೈಬಿಟ್ಟವು. ಅಷ್ಟರಲ್ಲಿ ಪ್ರವಾಸೋದ್ಯಮ ಎಂಬ ಹೊಸ ರೋಗ ತಾಲ್ಲೂಕಿಗೆ ಬಂತು. ಸಂಸ್ಕೃತಿ ಕಚೇರಿಯವರು ಬಂದು ಬಾವಿಯ ಸುತ್ತ ಕಬ್ಬಿಣದ ಕಟಕಟೆ ಹಾಕಿ, ಬೀಗ ಜಡಿದು, ಅಮೃತಶಿಲೆಯ ಫಲಕ ನೆಟ್ಟರು. ಗಾಯ್‌ಮೇ ಶಾಲೆ ಬಿಡುವ ಮೊದಲು ಕಲಿತಷ್ಟು ಅಕ್ಷರದಲ್ಲಿ ಬೆರಳಿಟ್ಟು ಓದಿದಳು. ತನ್ನ ಹೆಸರು, ತನ್ನ ಹುಟ್ಟಿದ ವರ್ಷ, ಅದರ ಪಕ್ಕದಲ್ಲಿ ಸತ್ತ ವರ್ಷ. ಅವಳಿಗೆ ಆಗ ಅರವತ್ತನಾಲ್ಕು.

ಗುರುತಿನ ಚೀಟಿ ಹಿಡಿದು ಅವಳು ಕಚೇರಿಗೆ ಹೋದಳು. ಅಲ್ಲಿಯ ಮುಖ್ಯಸ್ಥ ಪೇ ಸಾಹೇಬ ಚಹಾ ತರಿಸಿದ, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ, ಅವಳ ಮುಖ ನೋಡಿದ.

“ಫೋಟೋ ನಿಮ್ಮದೇ,” ಎಂದ.

“ಹೌದು, ಮತ್ತಿನ್ಯಾರದು? ಬೀಗ ತೆಗೀರಿ. ನಂಗೆ ನೀರು ಬೇಕು.”

“ಅಮ್ಮ, ಚರಿತ್ರೆ ಪುಸ್ತಕ ಅಚ್ಚಾಗಿ ಪ್ರಾಂತಕ್ಕೆ ಹೋಗಿದೆ. ಯೋಜನೆಗೆ ಮಂಜೂರಾತಿ ಬಂದಿದೆ. ಈಗ ನೀವು ಬದುಕಿದ್ದೀರಿ ಅಂತ ಬರೆದ್ರೆ ಎಷ್ಟು ಜನರ ಕೆಲ್ಸಕ್ಕೆ ಕಲ್ಲು ಬೀಳತ್ತೆ ಯೋಚ್ನೆ ಮಾಡಿ. ಒಂದು ಕೆಲ್ಸ ಮಾಡಣ. ನಿಮ್ಮನ್ನ ಅವರ ಚಿಕ್ಕಪ್ಪನ ಮಗಳು ಅಂತ ಇಟ್ಕೊಳ್ಳಣ. ಕುಟುಂಬದವರೇ ಆದ್ರಲ್ಲ?”

“ನಮ್ಮಪ್ಪಂಗೆ ತಮ್ಮ ಇರ್ಲಿಲ್ಲ.”

“ಅದನ್ನ ಯಾರು ನೋಡ್ತಾರೆ,” ಎಂದ ಪೇ ಸಾಹೇಬ, ಪ್ರಾಮಾಣಿಕವಾಗಿ. “ಲೇಖಕರು ಸ್ವತಃ ಬೇಡ ಅಂದ್ರೆ ನಾನು ಈಗಲೇ ಬೀಗ ತೆಗೆಸ್ತೀನಿ. ಅವರ ಮಾತು ತನ್ನಿ.”

ಗಾಯ್‌ಮೇ ಉಳಿದಿದ್ದ ನೀರಿನಲ್ಲಿ ಕೊನೆಯ ಹಲಗೆ ತೋಫು ಮಾಡಿ, ಅರ್ಧವನ್ನು ಡಬ್ಬಿಗೆ ಹಾಕಿಕೊಂಡು ನಗರದ ಬಸ್ಸು ಹತ್ತಿದಳು. ತಮ್ಮನ ಮನೆ ಏಳನೆಯ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಕತ್ತೆಯ ಜೀನು, ಎಣ್ಣೆಯ ದೀಪ, ಬಿದಿರಿನ ಜರಡಿ, ಎಲ್ಲವನ್ನೂ ಗೋಡೆಗೆ ತೂಗುಹಾಕಿ ಕೆಳಗೆ ಪುಟ್ಟ ಬಲ್ಬು ಉರಿಸಿದ್ದ. ನಡುವೆ ಅವರದೇ ಬಾವಿಯ ಹಳೆಯ ಮರದ ರಾಟೆ. ಹಾಳಾಗಿದೆ, ರಿಪೇರಿ ಮಾಡಿಸಿ ತರುತ್ತೇನೆ ಎಂದು ಅವನು ಒಯ್ದು ಹದಿನಾರು ವರ್ಷವಾಗಿತ್ತು. ಅಷ್ಟು ವರ್ಷವೂ ಅವಳು ಬರಿಗೈಯಲ್ಲಿ ಹಗ್ಗ ಎಳೆದಿದ್ದಳು.

ಅವನು ನಿಂತಲ್ಲೇ ಎರಡು ತುಂಡು ತೋಫು ತಿಂದ. “ಇದರ ರುಚೀನೇ ಬೇರೆ ಅಕ್ಕ,” ಎಂದ, ಬಾಯಿ ತುಂಬಿಕೊಂಡು.

“ಇನ್ನು ಸಿಗಲ್ಲ, ತಿನ್ನು. ಬಾವಿಗೆ ಬೀಗ ಹಾಕಿದ್ದಾರೆ. ನಾನು ಸತ್ತಿಲ್ಲ ಅಂತ ಅವರಿಗೊಂದು ಮಾತು ಹೇಳು.”

ಮಾನ್‌ಚಾಂಗ್ ಅಗಿಯುವುದನ್ನು ನಿಲ್ಲಿಸಿದ. “ಅಕ್ಕ, ನಿಂಗೆ ಹೇಗೆ ಹೇಳ್ಲಿ? ಅದು ಸಾಹಿತ್ಯದ ಸತ್ಯ.”

“ಹಂಗಾದ್ರೆ ನಾನು?”

“ನೀನು ಬದುಕಿನ ಸತ್ಯ.”

“ಎರಡು ಸತ್ಯಕ್ಕೂ ಒಂದೇ ಬಾವಿನಾ? ನಿನ್ನ ಸತ್ಯಕ್ಕೆ ಬೇರೆ ತೋಡ್ಸು.”

“ಈ ವರ್ಷ ಪ್ರಾಂತದ ದೊಡ್ಡ ಪ್ರಶಸ್ತಿಗೆ ನನ್ನ ಹೆಸರು ಹೋಗಿದೆ ಅಕ್ಕ. ಒಂದೊಂದು ಅಕ್ಷರವೂ ನಿಜ ಅಂತಲೇ ಶಿಫಾರಸು ಬರೆದಿದ್ದಾರೆ. ಈಗ ಹೋಗಿ ಸುಳ್ಳು ಅಂದ್ರೆ ನನ್ನ ಮೂವತ್ತು ವರ್ಷ ನೀರಲ್ಲಿ ಹೋಮ ಆಗತ್ತೆ. ಮುಂದಿನ ವರ್ಷ ರಿಟೈರು. ಆಮೇಲೆ ನನ್ನನ್ನ ಯಾರು ಕೇಳ್ತಾರೆ?”

ಹೀಗೆ ಹೇಳುವಾಗ ಅವನ ಮುಖ ಹಂದಿಮರಿಗಾಗಿ ಅಂಗಿ ಹಿಡಿದು ಅತ್ತ ದಿನದ ಮುಖವೇ ಆಗಿತ್ತು. ಗಾಯ್‌ಮೇಗೆ ಸಿಟ್ಟು ಬಂತು, ಅದರ ಬೆನ್ನಿಗೇ ಹಾಳು ಕರುಣೆಯೂ ಬಂತು. ಐವತ್ತೊಂಬತ್ತರ ಗಂಡಸು, ತಲೆಗೆ ಬಣ್ಣ, ಆದರೂ ತಾನು ಬೆನ್ನಿಗೆ ಕಟ್ಟಿಕೊಂಡ ಕೂಸು. ಅವಳು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದ ಎರಡನೆಯ ದಾರಿಯನ್ನು ಹೇಳಿದಳು.

“ಬಾಯಿ ಬಿಡಬೇಡ ಬಿಡು. ಸುಳ್ಳು ಅಂತ ಹೇಳಬೇಡ. ಉದ್ಘಾಟನೆ ದಿನ ಎಲ್ಲರ ಎದುರಿಗೆ ಆ ಬಾವಿ ನೀರು ಒಂದು ಬಟ್ಟಲು ಕುಡಿ. ಅಷ್ಟೇ. ಹೆಣ ಬಿದ್ದ ನೀರನ್ನ ಯಾವ ತಮ್ಮ ತಾನೇ ಕುಡೀತಾನೆ? ನೀನು ಕುಡಿದಿದ್ದು ನೋಡಿದ್ರೆ ಜನಕ್ಕೆ ತಾನಾಗೇ ಗೊತ್ತಾಗತ್ತೆ. ನನ್ನ ಅನ್ನ ಉಳಿಯತ್ತೆ, ನಿನ್ನ ಪುಸ್ತಕಾನೂ ಉಳಿಯತ್ತೆ.”

ಅವನು ಅವಳ ಎರಡೂ ಕೈ ಹಿಡಿದುಕೊಂಡ. “ಕುಡೀತೀನಿ ಅಕ್ಕ. ಒಂದಲ್ಲ, ಎರಡು ಬಟ್ಟಲು ಕುಡೀತೀನಿ. ನಮ್ಮನೆ ನೀರು, ಕುಡಿಯಕ್ಕೇನು?”

ಅವಳು ನಂಬಿದಳು. ಕೇಳಿದ್ದಾದರೂ ಎಷ್ಟು? ಒಂದು ಬಟ್ಟಲು ನೀರು.

ಉದ್ಘಾಟನೆಯನ್ನು ಹಿರಿಯರ ಗೋರಿ ಗುಡಿಸುವ ಹಬ್ಬದ ಹಿಂದಿನ ದಿನ ಇಟ್ಟಿದ್ದರು. ಹಬ್ಬಕ್ಕೆ ಊರಿಗೆ ಬಂದವರೆಲ್ಲ ಅಲ್ಲೇ ಸೇರಿದರು. ಪೇಟೆಯ ಹೋಟೆಲಿನವರನ್ನು ಗಾಯ್‌ಮೇ ಮನೆಮನೆಗೆ ಹೋಗಿ ಕರೆದಿದ್ದಳು. ಕುರಿಸೂಪಿನ ಅಂಗಡಿಯವಳು ಮುಂದಿನ ಸಾಲಿನಲ್ಲೇ ಇದ್ದಳು. “ಅವರು ಕುಡಿದ್ರೆ ನಾಳೆಯಿಂದ ಎರಡು ಹಲಗೆ ತಗೋತೀನಿ ದೊಡ್ಡಮ್ಮ, ಗಿರಾಕಿಗೆ ನಾನೇ ಉತ್ತರ ಹೇಳ್ತೀನಿ,” ಎಂದು ಮಾತು ಕೊಟ್ಟಿದ್ದಳು. ಲೇಖಕರು ಹುಟ್ಟಿದ ಮನೆಯ ನೀರು ಕುಡಿಯುತ್ತಾರೆ ಎಂದಾಗ ಪೇ ಸಾಹೇಬನಿಗೂ ಖುಷಿಯಾಗಿ ಬೆಳಿಗ್ಗೆ ಬೀಗ ತೆಗೆಸಿದ್ದ. ಗಾಯ್‌ಮೇ ತಾನೇ ನೀರು ಸೇದಿದಳು. ನೀಲಿ ಅಂಚಿನ ದೊಡ್ಡ ಬಟ್ಟಲನ್ನು ಬೂದಿ ಹಾಕಿ ಉಜ್ಜಿ, ಮೂರು ಸಲ ತೊಳೆದು ತುಂಬಿಸಿದಳು.

ಮೈಕಿನಲ್ಲಿ ‘ಈಗ ಊರಿನ ಹಿರಿಯ ಅಜ್ಜಿಯೊಬ್ಬರು ಲೇಖಕರಿಗೆ ನೀರು ನೀಡುತ್ತಾರೆ’ ಎಂದರು. ಹೆಸರು ಹೇಳಲಿಲ್ಲ. ಅವಳು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಮಾನ್‌ಚಾಂಗ್ ಬಿಳಿ ಟವೆಲು ಕಟ್ಟಿಕೊಂಡಿದ್ದ. ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ. ಎದೆಯ ಮಟ್ಟಕ್ಕೆ ಎತ್ತಿದ, ತುಟಿಯ ತನಕ ತಂದ. ಗಾಯ್‌ಮೇ ಅವನ ಗಂಟಲನ್ನೇ ನೋಡುತ್ತಿದ್ದಳು, ಹಿಂದೆ ಗಂಜಿ ಕುಡಿಸುವಾಗ ನೋಡುತ್ತಿದ್ದಳಲ್ಲ, ಹಾಗೆ. ಎದುರಿಗೆ ಶಾಲೆಯ ಹುಡುಗಿಯರು ಎದೆಗೆ ಶೋಕದ ಬಿಳಿ ಕಾಗದದ ಹೂ ಸಿಕ್ಕಿಸಿಕೊಂಡು ಸಾಲಾಗಿ ನಿಂತಿದ್ದರು. ಮೂರು ಕ್ಯಾಮೆರಾಗಳಿದ್ದವು. ಅವನ ಕಣ್ಣು ಹುಡುಗಿಯರ ಮೇಲೆ ಹೋಯಿತು, ಕ್ಯಾಮೆರಾದ ಮೇಲೆ ಹೋಯಿತು. ಬಟ್ಟಲು ತುಟಿಯಿಂದ ಕೆಳಗಿಳಿಯಿತು.

“ಅಕ್ಕಾ!” ಎಂದು ಕೂಗಿದ. ಅಕ್ಕನಿಗೆ ಬೆನ್ನು ತಿರುಗಿಸಿ, ಬಾವಿಯ ಕಡೆಗೆ.

ಕೂಗಿ, ಮೊಣಕಾಲೂರಿ, ಸತ್ತವರಿಗೆ ಬಿಡುವ ಹಾಗೆ ನೀರನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಒಮ್ಮೆ ನೆಲಕ್ಕೆ ಸುರಿದ. ಒಂದು ತೊಟ್ಟೂ ಉಳಿಸಲಿಲ್ಲ. ಹಣೆಯನ್ನು ಒದ್ದೆ ನೆಲಕ್ಕೆ ಮುಟ್ಟಿಸಿ ಬಿಕ್ಕಿ ಬಿಕ್ಕಿ ಅತ್ತ. ಸುಳ್ಳು ಅಳು ಎಂದು ನಾನು ಹೇಳಲಾರೆ, ಅವನ ಕಣ್ಣೀರು ನಿಜವಾಗಿಯೂ ಬರುತ್ತಿತ್ತು. ಅದೇ ಅವನ ಹೊಲಸು. ಹುಡುಗಿಯರು ಅತ್ತರು, ಪೇ ಸಾಹೇಬ ಅತ್ತ, ಕ್ಯಾಮೆರಾ ಹಿಡಿದವರೂ ಮೂಗೆಳೆದರು. ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಗಾಯ್‌ಮೇ ನಿಂತಿದ್ದಳು. ಸುರಿದ ನೀರು ಹರಿದು ಬಂದು ಅವಳ ಬಟ್ಟೆಯ ಚಪ್ಪಲಿಗಳು ನೆನೆದಿದ್ದವು.

ಅವನು ಎದ್ದಾಗ ಅವಳ ಕಿವಿಯ ಹತ್ತಿರ ಬಗ್ಗಿದ. “ಅಕ್ಕ, ಕುಡಿಯೋನೇ ಇದ್ದೆ, ಆಣೆಗೂ. ಆ ಮಕ್ಕಳ ಮುಖ ನೋಡಿ ಏನೋ ಆಗ್ಹೋಯ್ತು. ಆಮೇಲೆ ಮಾತಾಡಣ, ಹಾಂ?”

“ಬಟ್ಟಲು ಕೊಡು,” ಎಂದಳು ಗಾಯ್‌ಮೇ.

ಕೊಟ್ಟ. ಅವಳು ಅದನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಮೆಟ್ಟಿಲಿಳಿದಳು. ಕುರಿಸೂಪಿನ ಅಂಗಡಿಯವಳು ಕಣ್ಣು ಕೆಂಪು ಮಾಡಿಕೊಂಡು ಅವಳ ತೋಳು ಹಿಡಿದಳು. “ಎಂಥಾ ತಮ್ಮ ದೊಡ್ಡಮ್ಮ! ಕರುಳು ಕಿತ್ತು ಬಂತು. ಪುಣ್ಯ ಮಾಡಿದ್ರಿ ನೀವು.” ಮೂಗು ಒರೆಸಿಕೊಂಡು, “ಆದ್ರೆ ತೋಫು ಬೇಡ ಆಯ್ತಾ, ಬೇಜಾರು ಮಾಡ್ಕೋಬೇಡಿ,” ಎಂದಳು.

ಸಾಹೇಬರು, ಲೇಖಕ, ಎಲ್ಲರೂ ಪೇಟೆಯಲ್ಲಿ ಊಟಕ್ಕೆ ಹೋದರು. ಹದಿನೆಂಟು ಬಗೆ ಇತ್ತಂತೆ. ‘ಆಮೇಲೆ ಮಾತಾಡಣ’ ಎಂದವನು ಅಲ್ಲಿಂದಲೇ ನಗರಕ್ಕೆ ಹೋದ. ಮಾರನೆಯ ದಿನ ಅವನ ಡ್ರೈವರ್ ಒಂದು ಡಬ್ಬಿ ಸಿಹಿತಿಂಡಿ ತಂದು ಬಾಗಿಲಲ್ಲಿಟ್ಟ. ಗುವೊ ಅದನ್ನು ತೆಗೆದುಕೊಂಡು ಹೋಗಿ ಕಟಕಟೆಯ ಒಳಗೆ, ಫಲಕದ ಬುಡಕ್ಕೆ ಇಟ್ಟು ಬಂದ. ಬಂದು ಹೆಂಡತಿಗೆ ಒಂದೇ ಮಾತು ಹೇಳಿದ. “ನಡಿ, ನಮ್ಮೂರಿಗೆ ಹೋಗಣ.”

ಪ್ರಶಸ್ತಿ ಅವನಿಗೇ ಬಂತು. ಆ ನೀರು ಸುರಿಯುವ ಫೋಟೋವನ್ನೇ ಅವನ ಸಮಗ್ರ ಸಂಪುಟದ ಮುಖಪುಟಕ್ಕೆ ಹಾಕಿದರು. ಹಿಂದೆ ನಿಂತ ಅಜ್ಜಿಯನ್ನು ಕತ್ತರಿಸಿ ತೆಗೆದಿದ್ದಾರೆ, ತುದಿಯಲ್ಲಿ ಒಂದು ಒದ್ದೆ ಚಪ್ಪಲಿ ಮಾತ್ರ ಉಳಿದುಕೊಂಡಿದೆ.

ಗಾಯ್‌ಮೇ ಈಗ ಹೊಳೆಯಾಚೆ ಇದ್ದಾಳೆ. ಅಲ್ಲಿಯ ನೀರು ಕೊಂಚ ಉಪ್ಪು. ತೋಫು ಮೊದಲಿನಂತೆ ಆಗುವುದಿಲ್ಲ, ಒರಟು, ಅಂಚು ಉದುರುತ್ತದೆ. ಅರವತ್ತನಾಲ್ಕರಲ್ಲಿ ಹೊಸ ನೀರಿನ ಮರ್ಜಿ ಹಿಡಿಯುವುದು ಸುಲಭವಲ್ಲ. ಹಳೆಯ ಬಾವಿಯನ್ನು ನೆನೆದು ಅವಳು ಒಲೆಯ ಮುಂದೆ ಅತ್ತದ್ದೂ ಉಂಟು. ಆದರೆ ಆ ದಡದಲ್ಲಿ ತುಗೆನ್ ಎಂಬ ಹೆಸರನ್ನು ಒಂದು ನರಪಿಳ್ಳೆಯೂ ಕೇಳಿಲ್ಲ. ಅದು ಬೇರೆ ಪ್ರಾಂತ, ಅವರಿಗೆ ಅವರದೇ ಲೇಖಕರಿದ್ದಾರೆ, ಅವರೂ ಇಂಥವರೇ ಇರಬೇಕು. ಮುನ್ನೂರು ಗಜ ಅಗಲದ ನೀರನ್ನು ದಾಟಲು ಅವನ ಮೂವತ್ತು ವರ್ಷದ ಕೀರ್ತಿಗೆ ಆಗಿರಲಿಲ್ಲ.

ಸಂತೆಯ ಮೊದಲ ದಿನ ಒಬ್ಬ ಹೆಂಗಸು ತೋಫುವನ್ನು ಬೆರಳಿನಿಂದ ಒತ್ತಿ ನೋಡಿ, ಮುಖ ಸಿಂಡರಿಸಿ, ಮಾತಿಗೆ ನಿಂತಳು.

“ಈ ವಯಸ್ಸಲ್ಲಿ ಗಂಡನ ಊರಿಗೆ ಬಂದಿದ್ದೀಯಲ್ಲವ್ವ. ತೌರಲ್ಲಿ ಯಾರೂ ಇಲ್ವಾ?”

“ಒಬ್ಬ ತಮ್ಮ ಇದ್ದ,” ಎಂದಳು ಗಾಯ್‌ಮೇ, ತೋಫುವಿನ ಮೇಲಿನ ಬಟ್ಟೆ ಸರಿಮಾಡುತ್ತಾ. “ನಾನೇ ಎತ್ತಿ ಆಡಿಸಿದ್ದು. ಬಾವಿಗೆ ಬಿದ್ದು ಹೋದ.”

ಆ ಹೆಂಗಸು ಲೊಚಗುಟ್ಟಿ, ಒಂದರ ಬದಲು ಎರಡು ತುಂಡು ಕೊಂಡುಕೊಂಡಳು.